ಮಾತು ಮುಗಿಯುವವರೆಗೂ ಕೈ ಬಿಡದ ಒತ್ತಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧಿ ಉಗ್ರಾಣಕ್ಕೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಪುಟ್ಟ ಕೋಣೆಯೊಂದರಲ್ಲಿ ಒತ್ತಕ್ಕ ಕಿಟಕಿಯ ಪಕ್ಕ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದಾರೆ. ಕತ್ತರಿಸಿದ ಮೇಲೆ ಒಂದೊಂದೇ ಬೆರಳನ್ನು ತಮ್ಮ ಕೆನ್ನೆಯ ಮೇಲೆ ಎಳೆದು ನೋಡುತ್ತಾರೆ. ಎಲ್ಲಾದರೂ ಚೂರು ತರಚಿದಂತಾದರೆ ಮತ್ತೆ ಉಜ್ಜುತ್ತಾರೆ. ನಿನ್ನೆ ಕತ್ತರಿಸಿದ ಉಗುರು ಒಂದೇ ರಾತ್ರಿಗೆ ಅದೆಷ್ಟು ಬೆಳೆದೀತು ಎಂದು ಕೇಳಿದರೆ ನಗು.

“ಅದೆಲ್ಲಿ ಬೆಳೆಯುತ್ತೆ? ನನ್ನ ಸಮಾಧಾನಕ್ಕೆ ಮಾಡ್ಕೋತೀನಿ ಅಷ್ಟೆ. ಇಲ್ಲಿ ಬರೋರು ಮೊದಲೇ ಬೆದರಿದ ಜೀವಗಳು. ನನ್ನ ಉಗುರು ತಾಗಿ ಹೌಹಾರಿದ್ರೆ ಆಮೇಲೆ ನಾನು ಯಾವ ಮುಖ ಇಟ್ಕೊಂಡು ಕೈ ಹಿಡೀಲಿ?”

ಉಗುರಿನ ಕೆಲಸ ಮುಗಿದರೆ ಬಾಗಿಲಿನ ಸರದಿ. ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು, ನಾಲ್ಕು ಸಲ ತೆಗೆದು ಮುಚ್ಚಿ, ಕಿರ್ರೆನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಗೋಡೆಯಲ್ಲಿ ಗಡಿಯಾರವಿಲ್ಲ, ಟಿಕ್ ಟಿಕ್ ಸದ್ದು ಕೆಲವರಿಗೆ ಆಗುವುದಿಲ್ಲವಂತೆ. ಪಕ್ಕದ ಉಗ್ರಾಣದಲ್ಲಿ ಯಾರಾದರೂ ಸ್ಟೀಲ್ ತಟ್ಟೆ ಕೈಜಾರಿ ಬೀಳಿಸಿದರೋ, ಅವತ್ತು ಅವರ ಗ್ರಹಚಾರ ಕೆಟ್ಟಿತು ಎಂದೇ ಲೆಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒತ್ತಕ್ಕ ಆ ಬಾಗಿಲಲ್ಲಿ ನಿಂತುಬಿಡುತ್ತಾರೆ. “ನಿಮ್ಮ ಕೈಗೇನು ಬೆಣ್ಣೆ ಸವರಿದಾರಾ?” ಎಂಬ ಪ್ರಶ್ನೆ ಮೂರು ವಾರ್ಡುಗಳಿಗೆ ಕೇಳಿಸುತ್ತದೆ.

ಸಂಬಳದ ಪಟ್ಟಿಯಲ್ಲಿ ಅವರಿಗೆ ಬೇರೆಯೇ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಕೈ ಒತ್ತುವ ಅಕ್ಕ ಎಂದು ರೋಗಿಗಳು ಕರೆಯುತ್ತ ಕರೆಯುತ್ತ ಒತ್ತಕ್ಕ ಆದರು. ವಯಸ್ಸು ಅರವತ್ತರ ಆಸುಪಾಸು. ಹೆರೆದ ಹಲಗೆಯಂತೆ ಅಗಲವಾದ ಅಂಗೈ, ಗಿಡ್ಡ ಬೆರಳು, ಸದಾ ಏನಾದರೊಂದು ಅನ್ನುತ್ತಿರುವ ಬಾಯಿ. ಆದರೆ ಈ ಕೋಣೆಯ ಕುರ್ಚಿಯಲ್ಲಿ ಯಾರಾದರೂ ಬಂದು ಕುಳಿತ ಕ್ಷಣ ಆ ಬಾಯಿ ಮುಚ್ಚುತ್ತದೆ. ಆಮೇಲೆ ಮಾತು ಬಂದವರದು, ಪ್ರಶ್ನೆ ಮನಸ್ಸಿನ ಡಾಕ್ಟರಮ್ಮನದು, ಕೈ ಮಾತ್ರ ಒತ್ತಕ್ಕನದು.

ಇವತ್ತು ಮೊದಲು ಬಂದವರು ಬಸ್ ಕಂಡಕ್ಟರ್. ಸೇತುವೆಯ ತಡೆಗೋಡೆಗೆ ಬಸ್ಸು ಗುದ್ದಿ ಮಗುಚಿದಾಗಿನಿಂದ ಅವರಿಗೆ ಸೀಟಿ ಊದಲು ಆಗುತ್ತಿಲ್ಲ. ಸೀಟಿ ತುಟಿಗೆ ತಾಗಿದರೆ ಸಾಕು, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಅಪಘಾತದಲ್ಲಿ ಆದ ಗಾಯಗಳೆಲ್ಲ ಮಾಯ್ದಿವೆ. ರಾತ್ರಿ ಮಾತ್ರ ಬಸ್ಸು ಇನ್ನೂ ಮಗುಚುತ್ತಲೇ ಇದೆ.

“ನೀರು ಎಲ್ಲೀತನಕ ಬಂದಿದೆ?” ಎಂದು ಡಾಕ್ಟರಮ್ಮ ಕೇಳುತ್ತಾರೆ.

“ಎದೆಮಟ್ಟ,” ಎನ್ನುತ್ತಾರೆ ಕಂಡಕ್ಟರ್.

ಇದು ಈ ಕೋಣೆಯ ಅಳತೆ. ಹಿಂದೆ ಡಾಕ್ಟರಮ್ಮ ಹತ್ತಕ್ಕೆ ಎಷ್ಟು ಭಯ ಎಂದು ಅಂಕ ಕೇಳುತ್ತಿದ್ದರು. ಜನ ಪರೀಕ್ಷೆಗೆ ಕುಳಿತವರಂತೆ ಮುಖ ಮಾಡಿ ಐದು, ಐದೂವರೆ ಎನ್ನುತ್ತಿದ್ದರು. ಒಂದು ದಿನ ನಲ್ಲಿ ರಿಪೇರಿ ಮಾಡುವವರೊಬ್ಬರು ರೇಗಿ, “ಮಾರ್ಕ್ಸು ಗೀರ್ಕ್ಸು ನನಗೆ ಗೊತ್ತಾಗಲ್ಲ ತಾಯಿ, ನೀರು ಕುತ್ತಿಗೇಗೆ ಬಂದಿದೆ” ಅಂದುಬಿಟ್ಟರು. ಡಾಕ್ಟರಮ್ಮ ಅವತ್ತೇ ಅಂಕ ಬಿಟ್ಟು ನೀರು ಹಿಡಿದರು.

ಕಂಡಕ್ಟರ್ ಕಣ್ಣು ಮುಚ್ಚಿ ಹೇಳತೊಡಗುತ್ತಾರೆ. ಒತ್ತಕ್ಕ ಅವರ ಕೈಯನ್ನು ತಮ್ಮ ತೊಡೆಯ ಮೇಲಿನ ದಿಂಬಿಗೆ ಎಳೆದುಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆಯ ಜಾಗದಲ್ಲಿ ಮೆಲ್ಲಗೆ ತಟ್ಟುತ್ತಿರುತ್ತಾರೆ. ಬಸುರಿಯರಿಗೆ ಮಾತ್ರ ಆ ಜಾಗ ಮುಟ್ಟುವುದಿಲ್ಲ, ಗರ್ಭಕ್ಕೆ ಒಳ್ಳೆಯದಲ್ಲವಂತೆ. “ಬಸ್ಸು ವಾಲ್ತು…” ಎಂದು ಕಂಡಕ್ಟರ್ ಸ್ವರ ನಡುಗಿತೋ, ಬೆರಳು ಅಲ್ಲಿಂದ ಜಾರಿ ಮಣಿಕಟ್ಟಿನಿಂದ ಮೂರು ಬೆರಳು ಈಚೆಗೆ ಬಂದು ಗಟ್ಟಿಯಾಗಿ ಊರುತ್ತದೆ. “ಇದು ಕುರ್ಚಿ. ಇವತ್ತು ಬುಧವಾರ. ನಾನಿಲ್ಲೇ ಇದೀನಿ,” ಎಂದಷ್ಟೇ ಒತ್ತಕ್ಕ ಅನ್ನುತ್ತಾರೆ. ಕಂಡಕ್ಟರ್ ಒಂದು ಉಸಿರು ಎಳೆದುಕೊಂಡು ಮತ್ತೆ ಬಸ್ಸಿನೊಳಕ್ಕೆ ಹೋಗುತ್ತಾರೆ. ಬೆರಳು ಕೊರಳೆಲುಬಿನ ಕೆಳಗೆ, ಹುಬ್ಬುಗಳ ನಡುವೆ, ಮತ್ತೆ ಕೈಗೆ. ಹೇಳಿದ್ದನ್ನೇ ಡಾಕ್ಟರಮ್ಮ ಮೂರು ಸಲ ಹೇಳಿಸುತ್ತಾರೆ. ಮೂರನೆಯ ಸಲಕ್ಕೆ ನೀರು ಮೊಣಕಾಲಿಗೆ ಇಳಿದಿರುತ್ತದೆ. ಸೀಟಿ ಇನ್ನೂ ಜೇಬಿನಲ್ಲೇ ಇದೆ. ಅದು ಮುಂದಿನ ವಾರದ ಮಾತು.

ಒತ್ತಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರಾದ ಡಾಕ್ಟರಮ್ಮ ಮೈಯ ಕೆಲವು ಬಿಂದುಗಳನ್ನು ಒತ್ತುತ್ತ ಮಾತಾಡಿಸುವ ಈ ವಿಧಾನವನ್ನು ಎಲ್ಲೋ ದೂರದಲ್ಲಿ ತರಬೇತಿ ಪಡೆದು ಕಲಿತು ಬಂದವರು. “ಮಂತ್ರ ಮಾಯೆ ಇದರಲ್ಲೇನೂ ಇಲ್ಲ. ಆ ನೆನಪು ಬಂದಾಗ ಮೈ ಅಲ್ಲಿಗೇ ಓಡಿಹೋಗುತ್ತೆ. ಕೈ ಅದನ್ನ ಇಲ್ಲಿ ಹಿಡ್ಕೊಂಡಿರುತ್ತೆ, ಅಷ್ಟರಲ್ಲಿ ನಾವು ಮಾತು ಮುಗಿಸ್ತೀವಿ,” ಎನ್ನುತ್ತಾರೆ. “ಎಲ್ಲರಿಗೂ ಗುಣ ಆಗುತ್ತೆ ಅಂತ ನಾನು ಹೇಳಲ್ಲ. ಕೆಲವರಿಗೆ ಬರೀ ಮಾತು ಸಾಕು, ಕೆಲವರಿಗೆ ಮಾತ್ರೆಯೇ ಬೇಕು, ಕೆಲವರು ಅರ್ಧಕ್ಕೆ ಎದ್ದು ಹೋಗ್ತಾರೆ. ಬಿಂದು ಒತ್ತಿದ್ದಕ್ಕೆ ಆಯ್ತೋ, ಯಾರೋ ಒಬ್ಬರು ಕೈ ಹಿಡ್ಕೊಂಡಿದ್ದಕ್ಕೆ ಆಯ್ತೋ ಅಂತ ನಮ್ಮಂಥವರಲ್ಲಿ ಇನ್ನೂ ಜಗಳ ನಡೀತಾನೇ ಇದೆ.”

“ಜಗಳ ಆಡ್ಕೊಳ್ಳಲಿ ಬಿಡಿ,” ಎಂದು ಒತ್ತಕ್ಕ ನಡುವೆ ಬಾಯಿ ಹಾಕುತ್ತಾರೆ. “ನಮಗೆ ಮಾತು ಹೊರಗೆ ಬಂದ್ರೆ ಸಾಕು.”

ಈ ಕೈಗೆ ಮೊದಲ ಪಾಠವಾದದ್ದು ಕ್ಷೌರದಂಗಡಿಯಲ್ಲಿ. ಒತ್ತಕ್ಕನ ಅಪ್ಪ ಕ್ಷೌರಿಕರು. ರೈಲು ನಿಲ್ದಾಣದ ಎದುರಿನ ಓಣಿಯಲ್ಲಿ ಒಂದೇ ಕುರ್ಚಿಯ ಅಂಗಡಿ. ಆ ಅಂಗಡಿಯ ಮಾತು ಬಂದರೆ ಸಾಕು, ಒತ್ತಕ್ಕನ ಮುಖ ಹತ್ತು ವರ್ಷದ ಹುಡುಗಿಯದಾಗುತ್ತದೆ. ಸೋಪಿನ ನೊರೆಯ ವಾಸನೆ, ಪಟಿಕದ ಕಲ್ಲಿನ ತಂಪು, ಚರ್ಮದ ಪಟ್ಟಿಗೆ ಕತ್ತಿ ಉಜ್ಜುವ ಸರಸರ ಸದ್ದು, ಒಂದೇ ಸ್ಟೇಷನ್ ಹಿಡಿಯುವ ರೇಡಿಯೊ, ಅಂಚು ಮುರಿದ ದೊಡ್ಡ ಕನ್ನಡಿ. ತಾಯಿ ಇಲ್ಲದ ಮಗು ಶಾಲೆ ಮುಗಿಸಿ ಇನ್ನೆಲ್ಲಿಗೆ ಹೋಗಬೇಕು? ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕುಳಿತು ಲೆಕ್ಕ ಮಾಡುತ್ತ, ಕತ್ತರಿಸಿ ಬಿದ್ದ ಕೂದಲಲ್ಲಿ ಕಾಲ್ಬೆರಳಿನಿಂದ ಚಿತ್ರ ಬರೆಯುತ್ತ ದೊಡ್ಡವಳಾದಳು.

“ಅಪ್ಪ ಕಟಿಂಗ್ ಮಾಡಿದ ಮೇಲೆ ತಲೆ ಒತ್ತೋರು. ಅದಕ್ಕೆ ಬೇರೆ ಕಾಸಿಲ್ಲ. ತಲೆ ಒತ್ತಿ, ಕತ್ತು ಒತ್ತಿ, ಕೈ ಎಳೆದು ಹೆಬ್ಬೆರಳ ಬುಡದಲ್ಲಿ ಒಂದು ಗುದ್ದು ಕೊಡೋರು. ಗಿರಾಕಿ ‘ಹಾ…’ ಅಂತ ಕಣ್ಣು ಮುಚ್ಚೋನು. ಕಣ್ಣು ಮುಚ್ಚಿದ ತಕ್ಷಣ ಬಾಯಿ ಬಿಡೋನು ನೋಡಿ! ಹೆಂಡ್ತಿ ಹತ್ರ ಹೇಳದ್ದು, ಅಣ್ಣತಮ್ಮಂದಿರ ಹತ್ರ ಹೇಳದ್ದು, ಎಲ್ಲ ಅಲ್ಲಿ ಹೊರಗೆ ಬರೋದು. ಗಂಡಸರು ಅಳ್ತಾರೆ ಅಂತ ನನಗೆ ಗೊತ್ತಾಗಿದ್ದೇ ಆ ಅಂಗಡೀಲಿ.”

ಯಾರಾದರೂ ಅಳುವ ಹಾಗಾದರೆ ಅಪ್ಪ ಒಂದು ಮಾತೂ ಆಡದೆ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಗಿರಾಕಿಯ ಮುಖ ಗೋಡೆಗೆ ಬರುವಂತೆ ಮಾಡುತ್ತಿದ್ದರು. ಅಳುವವನಿಗೆ ತನ್ನ ಮುಖ ಕನ್ನಡಿಯಲ್ಲಿ ಕಾಣಬಾರದು. ಕಾದು ಕುಳಿತ ಉಳಿದ ಗಿರಾಕಿಗಳು ಆಗ ಹಳೆಯ ಪೇಪರು ಎತ್ತಿಕೊಂಡು ಓದಲು ಶುರುಮಾಡುತ್ತಿದ್ದರು. ಪೇಪರು ತಲೆಕೆಳಗಾಗಿದ್ದರೂ ಓದುತ್ತಿದ್ದರು. “ಕತ್ತರಿಗಿಂತ ಕಿವಿ ಹರಿತವಾಗಿರ್ಬೇಕು ಮಗಾ,” ಎನ್ನುತ್ತಿದ್ದರಂತೆ ಅಪ್ಪ. ಅಂಗಡಿಯಲ್ಲಿ ಕೇಳಿದ ಒಂದು ಮಾತೂ ಓಣಿಯ ತಿರುವು ದಾಟಲಿಲ್ಲ. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯವರಿದ್ದಾರೆ. ಒತ್ತಕ್ಕ ಆ ದಾರಿಯಲ್ಲಿ ಹೋದಾಗಲೆಲ್ಲ ಒಮ್ಮೆ ಒಳಗೆ ಇಣುಕುತ್ತಾರೆ. ಅಂಗಡಿಯವರು “ಏನಮ್ಮಾ, ಫೋನ್ ಕೆಟ್ಟಿದೆಯಾ?” ಎಂದು ಕೇಳುತ್ತಾರೆ. ಇಲ್ಲಪ್ಪಾ ಎಂದು ಮುಂದೆ ಹೋಗುತ್ತಾರೆ.

ಆ ಅಂಗಡಿಗೇ ಒಂದು ಭಾನುವಾರ ಸುರಂಗದ ಕೆಲಸಗಾರನೊಬ್ಬ ಬಂದ. ಗುಡ್ಡ ಕೊರೆದು ರೈಲಿಗೆ ದಾರಿ ಮಾಡುತ್ತಿದ್ದ ಕಾಲ ಅದು. ತಲೆಯ ಮೇಲೆ ಬಾಚಣಿಗೆ ಇಟ್ಟದ್ದೇ ತಡ, ಬುಸ್ಸೆಂದು ಧೂಳು ಎದ್ದಿತು. ಅಪ್ಪ ಕೆಮ್ಮಿದರು, ಕಾದಿದ್ದವರು ಕೆಮ್ಮಿದರು, ಸ್ಟೂಲಿನ ಮೇಲಿದ್ದ ಹುಡುಗಿ ಮಾತ್ರ ಕಿಸಕ್ಕೆಂದು ನಕ್ಕು, “ಧೂಳುರಾಯರು ಬಂದ್ರು!” ಅಂದಳು. ಧೂಳುರಾಯ ಕನ್ನಡಿಯಲ್ಲೇ ಅವಳನ್ನು ನೋಡಿದ. ಮುಂದಿನ ಭಾನುವಾರ ಕತ್ತರಿಸಲು ಕೂದಲೇ ಇಲ್ಲದಿದ್ದರೂ ಮತ್ತೆ ಬಂದ. ಅಪ್ಪ ದಡ್ಡರಲ್ಲ. “ಈ ತಲೇಲಿ ಕತ್ತರಿಸೋಕೆ ಏನಿದೆ? ಬಂದ ಕೆಲಸ ಹೇಳು,” ಅಂದರು. ಮದುವೆ ಆಯಿತು.

“ಎಷ್ಟು ಮಾತಾಡೋರು ಗೊತ್ತಾ ಆಗ!” ಎನ್ನುವಾಗ ಒತ್ತಕ್ಕನ ಕಣ್ಣು ಕಿಟಕಿಯಾಚೆ ಎಲ್ಲೋ ಇರುತ್ತದೆ. “ಪಾಳಿ ಮುಗಿಸಿ ಬಂದ್ರೆ ಊಟದ ತಟ್ಟೆ ಮುಂದೆ ಒಂದು ಗಂಟೆ ಪುರಾಣ. ಯಾರು ಏನಂದ್ರು, ಯಾರ ಟೋಪಿ ಯಾರು ಅಡಗಿಸಿಟ್ರು, ಎಲ್ಲ. ನಾನು ಕೈ ಒತ್ತುತ್ತಾ ಕೂತಿರ್ತಿದ್ದೆ. ‘ನಿದ್ದೆ ಬರ್ತಿದೆ, ಸಾಕು ಮಾಡ್ರಪ್ಪಾ’ ಅಂತ ನಾನೇ ಹೇಳ್ಬೇಕಿತ್ತು. ಅಯ್ಯೋ, ಆ ಮಾತು ಯಾಕಾದ್ರೂ ಅಂದ್ನೋ.”

ಮದುವೆಯಾದ ನಾಲ್ಕನೆಯ ವರ್ಷ ಸುರಂಗ ಕುಸಿಯಿತು. ಒಳಗೆ ಮೂವರು ಸಿಕ್ಕಿಕೊಂಡರು: ಧೂಳುರಾಯ, ಅವರ ಜೊತೆಗಾರ, ಆಗ ತಾನೇ ಕೆಲಸಕ್ಕೆ ಸೇರಿದ್ದ ಒಬ್ಬ ಹೊಸಬ. ಎರಡು ದಿನದ ಮೇಲೆ ಕಲ್ಲು ಸರಿಸಿ ಹೊರಗೆ ತಂದರು. ಇಬ್ಬರು ಬದುಕಿದ್ದರು, ಹೊಸಬ ಇರಲಿಲ್ಲ. ಧೂಳುರಾಯರ ಮೈಮೇಲೆ ಒಂದು ಗೀರೂ ಇರಲಿಲ್ಲ. ಮಾತು ಮಾತ್ರ ಅಲ್ಲೇ ಉಳಿದುಹೋಗಿತ್ತು. ಉಪ್ಪು ಬೇಕಾ ಎಂದರೆ ಹೂಂ, ಸಾಕಾ ಎಂದರೆ ಹೂಂ. ಸುರಂಗದ ಮಾತೆತ್ತಿದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಬಂಧುಗಳೆಲ್ಲ ಅವರನ್ನು ಹೊಗಳಿದ್ದೇ ಹೊಗಳಿದ್ದು: ಎಷ್ಟು ಗಟ್ಟಿ ಮನುಷ್ಯ, ಒಂದು ದಿನ ಗೋಳಾಡಲಿಲ್ಲ ನೋಡಿ!

“ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ಆ ಬಂಗಾರ ಮನೇಲಿಟ್ಕೊಂಡು ನಾನು ಪಟ್ಟ ಪಾಡು ನನಗೇ ಗೊತ್ತು,” ಎನ್ನುತ್ತಾರೆ ಒತ್ತಕ್ಕ.

ರಾತ್ರಿ ಧೂಳುರಾಯರು ಬೆಚ್ಚಿ ಏಳುತ್ತಿದ್ದರು. ಒತ್ತಕ್ಕ ಏನೂ ಕೇಳದೆ ಕೈ ಎಳೆದುಕೊಂಡು ಒತ್ತುತ್ತಿದ್ದರು. ಅಪ್ಪನ ಕೈಗುಣ ಮಗಳಿಗೂ ಬಂದಿತ್ತು. ಸ್ವಲ್ಪ ಹೊತ್ತಿಗೆ ಗಂಡ ಮಲಗುತ್ತಿದ್ದರು. ಹೀಗೆಯೇ ವರ್ಷಗಳು ಕಳೆದವು. ಕೊನೆಗೆ ಎದೆಯಲ್ಲಿ ಕೂತಿದ್ದ ಧೂಳೇ ಅವರನ್ನು ಕರೆದುಕೊಂಡು ಹೋಯಿತು. ಕೊನೆಯ ದಿನ ಬಾಯಿ ತೆರೆದು ಏನೋ ಹೇಳಲು ನೋಡಿದರಂತೆ. ಒತ್ತಕ್ಕ, “ಸುಮ್ನಿರಿ, ಆಯಾಸ ಮಾಡ್ಕೋಬೇಡಿ,” ಎಂದು ಕೈ ಒತ್ತಿದರು. ಅವರು ಮಲಗಿದರು.

ಮಕ್ಕಳಿರಲಿಲ್ಲ. ಹೊಟ್ಟೆಪಾಡಿಗೆ ಈ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಡಾಕ್ಟರಮ್ಮ ಆಗ ತಾನೇ ಬಂದು ಈ ಪುಟ್ಟ ಕೋಣೆ ತೆರೆದಿದ್ದರು. ಒಂದು ಬೆಳಿಗ್ಗೆ ಬೆಂಕಿ ಅನಾಹುತದಲ್ಲಿ ಬದುಕಿ ಉಳಿದ ಹೆಂಗಸೊಬ್ಬರು ಕತೆಯ ಅರ್ಧಕ್ಕೇ ಎದ್ದು ಹೊರಗೆ ಓಡಿಬಂದು, ಹಜಾರದಲ್ಲಿ ಗಡಗಡ ನಡುಗುತ್ತ ಕುಸಿದರು. ನೆಲ ಒರೆಸುತ್ತಿದ್ದ ಒತ್ತಕ್ಕ ಕೋಲು ಬದಿಗಿಟ್ಟು ಆ ಕೈ ಎತ್ತಿಕೊಂಡು ಒತ್ತತೊಡಗಿದರು. ಹೆಂಗಸಿನ ನಡುಕ ಇಳಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಅವರು ಮಾತಾಡ್ತಿರುವಾಗ್ಲೂ ಹೀಗೇ ಹಿಡ್ಕೊಂಡಿರೋಕಾಗುತ್ತಾ ನಿಮಗೆ?”

ಆಗುತ್ತೆ ಎಂದರು. ಆದರೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಯಾವ ಬಿಂದು ಎಲ್ಲಿದೆ ಎಂದು ಡಾಕ್ಟರಮ್ಮ ಕಲಿಸಿದರು, ಬೇಗ ಬಂತು. ಯಾವಾಗ ಒತ್ತಬಾರದು ಎಂಬುದು ಮಾತ್ರ ಬರಲೇ ಇಲ್ಲ. ಕುರ್ಚಿಯಲ್ಲಿ ಕುಳಿತವರ ಮುಖ ಚೂರು ಬಾಡಿದರೆ ಒತ್ತಕ್ಕನ ಕೈ ತಡೆಯುತ್ತಿರಲಿಲ್ಲ. ಒಬ್ಬ ಕಾವಲುಗಾರರು ಇನ್ನೂ “ಅವತ್ತು ಸಂಜೆ…” ಅಂದಿದ್ದರಷ್ಟೆ. ಒತ್ತಕ್ಕ ಮಣಿಕಟ್ಟಿಗೆ ಹೆಬ್ಬೆರಳು ಊರಿ ಎಷ್ಟು ಚೆನ್ನಾಗಿ ಒತ್ತಿದರೆಂದರೆ, ಆಸಾಮಿ ಅಲ್ಲೇ ಗೊರಕೆ ಹೊಡೆದರು. ಒತ್ತಕ್ಕ ಹೆಮ್ಮೆಯಿಂದ ಡಾಕ್ಟರಮ್ಮನ ಕಡೆ ನೋಡಿದರು. ಅವರು ಉರಿದುಬಿದ್ದರು.

“ನಿದ್ದೆ ಮಾಡಿಸೋಕೆ ನನ್ನ ಹತ್ರ ಮಾತ್ರೆ ಇಲ್ವಾ ಅಕ್ಕಾ? ಮಾತು ಮೇಲೆ ಬರೋಕೆ ಮುಂಚೆ ಒತ್ತಿದ್ರೆ ಮಾತೂ ಮಲಗುತ್ತೆ. ಇವರು ಮನೆಗೆ ಹೋಗಿ ಇದನ್ನ ಮತ್ತೆ ಒಬ್ಬರೇ ಹೊರಬೇಕು.”

ಬೇರೆಯವರಾಗಿದ್ದರೆ ಬೈಸಿಕೊಂಡದ್ದಕ್ಕೆ ಮುಖ ಊದಿಸಿಕೊಳ್ಳುತ್ತಿದ್ದರೇನೋ. ಒತ್ತಕ್ಕನಿಗೆ ತಮ್ಮ ಮನೆ ನೆನಪಾಯಿತು. ಅಷ್ಟು ವರ್ಷ ರಾತ್ರಿ ರಾತ್ರಿ ತಾನು ಮನೆಯಲ್ಲಿ ಮಾಡಿದ್ದು ಇದನ್ನೇ ತಾನೆ? ಗಂಡ ಬಾಯಿ ತೆರೆಯುವ ಮೊದಲೇ ಒತ್ತಿ ಮಲಗಿಸಿದ್ದು? ಅವತ್ತಿನಿಂದ ಒಂದೇ ಪ್ರಶ್ನೆ ಅವರ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅವರು ಮಾತು ಬಿಟ್ಟದ್ದು ಸುರಂಗದಿಂದಲೋ, ನನ್ನಿಂದಲೋ? ಸಾಕು ಮಾಡಿ ಅಂದಿದ್ದಕ್ಕೆ ಮುನಿಸಿಕೊಂಡೇ ಹೋದರಾ? ಕೇಳೋಣವೆಂದರೆ ಉತ್ತರ ಗೊತ್ತಿದ್ದವರು ಲೋಕದಲ್ಲಿ ಒಬ್ಬರೇ, ಜೊತೆಗಾರ. ಅವರು ಒತ್ತಕ್ಕನನ್ನು ಕಂಡರೆ ರಸ್ತೆ ಬದಲಿಸುತ್ತಿದ್ದರು. ಗಂಡನ ಅಂತ್ಯಸಂಸ್ಕಾರದ ದಿನವೂ ದೂರ ನಿಂತು ಹಾಗೆಯೇ ಹೊರಟುಹೋಗಿದ್ದರು.

ಆ ಜೊತೆಗಾರ ಸುರಂಗದ ಕೆಲಸ ಬಿಟ್ಟು ಛತ್ರಿ ರಿಪೇರಿಗೆ ಕುಳಿತರು. ಪೇಟೆಯ ಮೂಲೆಯಲ್ಲಿ, ನೆತ್ತಿಯ ಮೇಲೆ ಆಕಾಶ ಬಿಟ್ಟರೆ ಇನ್ನೇನೂ ಇಲ್ಲದ ಜಾಗ. ಮಳೆ ಬಂದರೂ ಸೂರಿನಡಿಗೆ ಹೋಗುವವರಲ್ಲ. ಗಿರಾಕಿಯ ಛತ್ರಿಯನ್ನೇ ಬಿಚ್ಚಿ ಹಿಡಿದು ಅದರಡಿ ಕುಳಿತು ಹೊಲಿಯುತ್ತಾರೆ. “ಜನ ನನ್ನ ಛತ್ರೀ ಅಂತ ಕೂಗ್ತಾರೆ. ಕರೀತಿದಾರೋ ಬೈತಿದಾರೋ ಇವತ್ತಿಗೂ ಗೊತ್ತಾಗಿಲ್ಲ,” ಎಂದು ನಗುತ್ತಾರೆ. ಮನೆಯಲ್ಲಿ ಮಲಗುವುದೂ ಜಗಲಿಯ ಮೇಲೆ. ಹೆಂಡತಿ ಬೈದು ಬೈದು ಸುಸ್ತಾಗಿ, ಈಗ ತಾವೇ ಅಲ್ಲಿ ಹಾಸಿಗೆ ಹಾಸಿ ಕೊಡುತ್ತಾರೆ.

ಕಳೆದ ವರ್ಷ ಅವರ ಮಗಳಿಗೆ ಇದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಹೆರಿಗೆಯಾಯಿತು. ಅಲ್ಲಿಗೆ ಹೋಗಲು ಕಿಟಕಿಯೇ ಇಲ್ಲದ ಉದ್ದನೆಯ ಹಜಾರ ದಾಟಬೇಕು. ಛತ್ರಿಯಣ್ಣ ಬಾಗಿಲವರೆಗೆ ಬಂದವರು ಬೆವತು ವಾಪಸು ಹೋದರು. ಎರಡನೆಯ ದಿನವೂ ಅದೇ ಆಯಿತು. ಮಗಳು ಮೇಲಿನಿಂದ ಕಿಟಕಿಯಲ್ಲಿ ಬಟ್ಟೆಯ ಗಂಟೊಂದನ್ನು ಎತ್ತಿ ತೋರಿಸುವುದು, ಅಜ್ಜ ಅಂಗಳದಲ್ಲಿ ನಿಂತು ಕತ್ತೆತ್ತಿ ಕೈ ಬೀಸುವುದು. ಇದನ್ನು ನೋಡಿದ ನರ್ಸ್ ಒಬ್ಬರು ಅವರನ್ನು ಡಾಕ್ಟರಮ್ಮನ ಬಳಿ ಕಳಿಸಿದರು. ಡಾಕ್ಟರಮ್ಮ ಬಾಗಿಲು ತೆರೆದಿಟ್ಟು, ಕುರ್ಚಿಯನ್ನು ಅರ್ಧ ಹೊಸ್ತಿಲಾಚೆ ಹಾಕಿಸಿದರು. ದಿಂಬು ಹಿಡಿದು ಬಂದ ಒತ್ತಕ್ಕ ಅಲ್ಲಿ ಕುಳಿತವರನ್ನು ನೋಡಿದರು. ಅವರೂ ನೋಡಿದರು.

ಸಂಬಂಧಪಟ್ಟವರು ಕೈ ಹಿಡಿಯಬಾರದೆಂಬುದು ಕೋಣೆಯ ನಿಯಮ. ಒತ್ತಕ್ಕ ಹೊರಗುಳಿದರು, ಡಾಕ್ಟರಮ್ಮ ತಾವೇ ಬಿಂದು ತಟ್ಟಿದರು. ಛತ್ರಿಯಣ್ಣ ಪ್ರತಿಸಲವೂ “ಆಮೇಲೆ ದೀಪ ಆರಿಹೋಯ್ತು” ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಒಂದು ದಿನ ಅವರೇ ಹೇಳಿದರು: “ಡಾಕ್ಟರಮ್ಮಾ, ಮುಂದಿನ ಮಾತು ಅಕ್ಕನಿಗೆ ಸೇರಿದ್ದು. ಅವರದ್ದನ್ನ ನಿಮಗೆ ಹೇಗೆ ಕೊಡ್ಲಿ?”

ಡಾಕ್ಟರಮ್ಮ ಒಂದು ವಾರ ಯೋಚನೆ ಮಾಡಿದರು. ಕೊನೆಗೆ ನಿಯಮ ಮುರಿಯಲು ಒಪ್ಪಿದರು, ಒಂದು ಷರತ್ತಿನ ಮೇಲೆ: ಇಬ್ಬರಲ್ಲಿ ಯಾರು ಸಾಕು ಎಂದರೂ ಅಲ್ಲಿಗೇ ನಿಲ್ಲಿಸಬೇಕು. ಒತ್ತಕ್ಕನನ್ನು ಬೇರೆ ಕೂರಿಸಿ, ನಿಮಗೆ ಇಷ್ಟವಿದೆಯಾ ಎಂದು ಕೇಳಿದರು.

“ಎದ್ದು ಹೊರಟೇಬಿಟ್ಟಿದ್ದೆ ನಾನು,” ಎಂದು ಒತ್ತಕ್ಕ ನೆನೆಯುತ್ತಾರೆ. “ಇಷ್ಟು ವರ್ಷ ಕೇಳ್ಬೇಕು ಕೇಳ್ಬೇಕು ಅಂತ ಒದ್ದಾಡಿದ್ದು, ಎದುರಿಗೆ ಬಂದಾಗ ಬೇಡ ಅನ್ನಿಸ್ತು. ‘ನನ್ನ ಹೆಂಡ್ತಿ ಕಾಟ ತಾಳೋಕಾಗಲ್ಲ’ ಅಂತ ಏನಾದ್ರೂ ಅಂದಿದ್ರೆ? ಸತ್ತೋರನ್ನ ಜಗಳಕ್ಕೆ ಕರೆಯೋಕಾಗುತ್ತಾ?”

ಆದರೂ ಬಂದು ಕುಳಿತರು. ಛತ್ರಿಯಣ್ಣನ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡರು. ಅವರು ಅಂಗಳದ ಕಡೆ ಮುಖ ಮಾಡಿ ಹೇಳತೊಡಗಿದರು. ದೀಪ ಆರಿಹೋಯಿತು. ಕಾಲಿನ ಮೇಲೆ ಕಲ್ಲು ಬಿದ್ದು ಹೊಸಬ ಕೂಗುತ್ತಿದ್ದ. ಛತ್ರಿಯಣ್ಣನಿಗೆ ಉಸಿರೇ ಸಿಗುತ್ತಿರಲಿಲ್ಲ.

“ಇವರ ಮನೆಯವರು ನಡುವೆ ಕೂತಿದ್ರು. ಬಲಗೈಲಿ ನನ್ನ ಕೈ ಹಿಡಿದ್ರು, ಎಡಗೈಲಿ ಅವನ ಕೈ. ಹೆಬ್ಬೆರಳ ಹತ್ರ ಇಲ್ಲೇ, ಈಗ ಅಕ್ಕ ಒತ್ತುತ್ತಿದಾರಲ್ಲ, ಇಲ್ಲೇ ಒತ್ತೋಕೆ ಶುರುಮಾಡಿದ್ರು. ‘ನಮ್ಮವಳು ಇಲ್ಲಿ ಒತ್ತುತ್ತಾಳೆ ಕಣ್ರೋ, ಭಯ ಹೋಗುತ್ತೆ. ಮಾತು ನಿಲ್ಲಿಸ್ಬೇಡಿ, ಏನಾದ್ರೂ ಹೇಳ್ತಾ ಇರಿ,’ ಅಂದ್ರು. ಹೊಸಬ ಅವರಮ್ಮನ ವಿಷಯ ಹೇಳಿದ. ನಾನು ನಮ್ಮನೆ ನಾಯಿ ವಿಷಯ ಹೇಳಿದೆ. ನಮ್ಮ ಮಾತು ಮುಗಿದ್ರೆ ಅವರು ಅಕ್ಕನ ವಿಷಯ ಹೇಳೋರು. ಕನ್ನಡೀಲಿ ನೋಡಿದ್ದು, ಧೂಳುರಾಯ ಅಂದಿದ್ದು, ಎಲ್ಲ. ಆ ಕತ್ತಲಲ್ಲಿ ನಾವು ನಕ್ಕಿದೀವಿ ಅಕ್ಕಾ, ನಂಬ್ತೀರಾ?”

ಒತ್ತಕ್ಕನ ಬೆರಳು ತಟ್ಟುತ್ತಲೇ ಇತ್ತು.

“ಆಮೇಲೆ ಹೊಸಬನ ಮಾತು ನಿಂತೋಯ್ತು. ‘ಮಲಗಿದಾನೆ’ ಅಂದ್ರು ನಿಮ್ಮ ಮನೆಯವರು. ನನಗೆ ಗೊತ್ತಾಯ್ತು, ಸುಮ್ನಿದ್ದೆ. ಅವರೂ ಒತ್ತೋದು ಬಿಡ್ಲಿಲ್ಲ. ಇಡೀ ದಿನ ಆ ಕೈ ಒತ್ತುತ್ತಾನೇ ಇದ್ರು, ಬೆಚ್ಚಗಾಗ್ಲಿ ಅಂತ. ಕಲ್ಲು ಸರಿಸಿ ಜನ ಒಳಗೆ ಬಂದಾಗ್ಲೂ ಬಿಟ್ಟಿರ್ಲಿಲ್ಲ. ಬೆರಳು ಒಂದೊಂದೇ ಬಿಡಿಸ್ಬೇಕಾಯ್ತು.”

ಬೆರಳು ಆಗ ನಿಂತಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಒತ್ತಕ್ಕನ ಕೈ ನಡುವೆ ನಿಂತಿತು. ಸುರಂಗದಿಂದ ಬಂದ ಮೇಲೆ ಗಂಡ ಒತ್ತಲು ಕೊಡುತ್ತಿದ್ದದ್ದು ಬಲಗೈ ಮಾತ್ರ. ಎಡಗೈ ಸದಾ ಕಂಬಳಿಯಡಿ, ಇಲ್ಲವೇ ತೊಡೆಯಡಿ. ಕೊಡಿ ಅದನ್ನೂ ಎಂದರೆ ಕೈ ಎಳೆದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ತನ್ನ ಮೇಲಿನ ಸಿಟ್ಟೆಂದೇ ಒತ್ತಕ್ಕ ಅದನ್ನು ಎಣಿಸಿದ್ದರು. ಡಾಕ್ಟರಮ್ಮ ಮೆಲ್ಲಗೆ, “ಸಾಕಾ ಅಕ್ಕಾ?” ಎಂದರು. ಒತ್ತಕ್ಕ ಇಲ್ಲವೆಂದು ತಲೆಯಾಡಿಸಿ, “ಹೇಳಪ್ಪಾ, ಮುಗಿಸು,” ಎಂದು ಮತ್ತೆ ಕೈ ಎತ್ತಿಕೊಂಡರು.

“ಹೊರಗೆ ಬಂದ ಮೇಲೆ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು ಅಕ್ಕಾ. ‘ಅವಳಿಗೆ ಹೇಳ್ಬೇಡ. ಈ ಎಡಗೈಲಿ ಆ ಹುಡುಗನ ಕೈಯ ಥಂಡಿ ಕೂತಿದೆ, ಇಳೀತಾನೇ ಇಲ್ಲ. ಅವಳ ಕೈಗೆ ಕೊಟ್ರೆ ಅವಳಿಗೂ ಹತ್ತುತ್ತೆ. ಅವಳ ಕೈ ಬೆಚ್ಚಗಿರ್ಲಿ,’ ಅಂದ್ರು. ನಿಮ್ಮ ಮುಖ ನೋಡಿದ್ರೆ ನನ್ನ ಬಾಯಿ ತಡೆಯಲ್ಲ ಅಂತ ನಾನು ರಸ್ತೆ ಬದಲಿಸ್ತಿದ್ದೆ.”

ಅವತ್ತು ಮೂವರೂ ಅತ್ತರು. ಡಾಕ್ಟರಮ್ಮ ಕೂಡ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅದಾದ ಮೇಲೆ ಛತ್ರಿಯಣ್ಣ ಹತ್ತಾರು ಸಲ ಬಂದು ಅದೇ ಕತೆಯನ್ನು ಹೇಳಿ ಹೇಳಿ ಸವೆಸಿದರು. ಕುರ್ಚಿ ಒಂದೊಂದೇ ಗೇಣು ಹೊಸ್ತಿಲಿನ ಒಳಗೆ ಬಂತು. ಅಷ್ಟರಲ್ಲಿ ಮಗಳು ಮನೆಗೆ ಹೋಗಿ ಎಷ್ಟೋ ದಿನವಾಗಿತ್ತು. ಆದರೂ ಛತ್ರಿಯಣ್ಣ ಹಟ ಬಿಡದೆ, ಲಸಿಕೆ ಹಾಕಿಸುವ ದಿನ ತಾವೇ ಮೊಮ್ಮಗುವನ್ನು ಎತ್ತಿಕೊಂಡು ಆ ಕಿಟಕಿಯಿಲ್ಲದ ಹಜಾರದಲ್ಲಿ ಈ ತುದಿಯಿಂದ ಆ ತುದಿಗೆ ನಡೆದರು. ಮುಖವೆಲ್ಲ ಬೆವರು. ಮಗು ಅವರ ಮೂಗು ಹಿಡಿದು ಎಳೆಯುತ್ತಿತ್ತು. “ಜಗಲಿ ಮೇಲೆ ಈಗಲೂ ಮಲಗ್ತೀನಿ. ಅದು ಅಭ್ಯಾಸ ಆಗ್ಹೋಗಿದೆ, ಗಾಳಿ ಚೆನ್ನಾಗಿ ಬರುತ್ತೆ,” ಎನ್ನುತ್ತಾರೆ. ಈ ಕತೆ ಬರೆಯಲು ಒಪ್ಪಿಗೆ ಕೊಟ್ಟವರೂ ಅವರೇ. ಆಣೆ ಹಾಕಿಸಿಕೊಂಡವರು ಇದ್ದಿದ್ದರೆ ಈಗ ಅವರೇ ಬಿಡುಗಡೆ ಕೊಡುತ್ತಿದ್ದರು ಎಂಬುದು ಅವರ ನಂಬಿಕೆ.

ಒತ್ತಕ್ಕನ ದಿನಚರಿಯೇನೂ ಬದಲಾಗಿಲ್ಲ. ದಿನಕ್ಕೆ ಆರೇಳು ಜನ ಬರುತ್ತಾರೆ, ಸಂಜೆಯ ಹೊತ್ತಿಗೆ ಹೆಬ್ಬೆರಳು ಊದಿಕೊಳ್ಳುತ್ತದೆ. ಅವರನ್ನು ಯಾರೂ ವೇದಿಕೆಗೆ ಕರೆದಿಲ್ಲ, ಹಾರ ಹಾಕಿಲ್ಲ. ಆಸ್ಪತ್ರೆಯ ಹೊಸಬರು ಅವರನ್ನು ಈಗಲೂ ನೆಲ ಒರೆಸುವವರೆಂದೇ ತಿಳಿದು ಅಲ್ಲಿ ಚೆಲ್ಲಿದೆ, ಇಲ್ಲಿ ಚೆಲ್ಲಿದೆ ಎನ್ನುವುದುಂಟು. ಅವರು ಹೋಗಿ ಒರೆಸಿಯೂ ಬರುತ್ತಾರೆ. ಏನಾದರೂ ಆಸೆ ಇದೆಯಾ ಎಂದು ಕೇಳಿದರೆ ಮೊದಲು ಕೈ ಆಡಿಸಿಬಿಡುತ್ತಾರೆ, ಆಮೇಲೆ ತಾವೇ ಮಾತು ತೆಗೆಯುತ್ತಾರೆ.

“ಪೇಪರ್‌ನಲ್ಲಿ ಹಾಕ್ತೀರಲ್ಲ, ಇದೊಂದು ಹಾಕಿ. ಮನೇಲಿ ಯಾರಾದ್ರೂ ಹೀಗೆ ಬಾಯಿ ಮುಚ್ಕೊಂಡು ಕೂತಿದ್ರೆ, ಗಟ್ಟಿ ಮನುಷ್ಯ ಅಂತ ಹೊಗಳ್ಬೇಡಿ. ಪಕ್ಕದಲ್ಲಿ ಕೂತು ಕೇಳಿ. ರೇಗಿದ್ರೂ ಇನ್ನೊಂದಿನ ಕೇಳಿ.”

ಮುಂದಿನವರು ಬಂದ ಸದ್ದಾಗುತ್ತದೆ. ಒತ್ತಕ್ಕ ಎದ್ದು ದಿಂಬು ಕೊಡವುತ್ತಾರೆ. ಕೊಡವುತ್ತ ಕೊಡವುತ್ತ ಅವರಿಗೆ ಸಿಟ್ಟು ಬರುತ್ತದೆ.

“ಮುನಿಸು ಅಂದ್ಕೊಂಡಿದ್ದೆ ನಾನು, ಪ್ರೀತಿ ಆಗಿತ್ತಂತೆ! ಯಾರಿಗೆ ಬೇಕಿತ್ತು ಆ ಥರದ ಪ್ರೀತಿ? ಥಂಡಿ ಹತ್ತುತ್ತೆ ಅಂತ ಕೈ ಬಚ್ಚಿಟ್ಕೊಂಡ್ರಂತೆ, ಪುಣ್ಯಾತ್ಮ. ಕೊಡ್ಬೇಕಿತ್ತು ನನಗೆ. ನಮ್ಮಪ್ಪನ ಮಗಳು ನಾನು, ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿರ್ತಿದ್ದೆ.”